ಸೊರೊರಿಟಿ ಚಾಪ್ಟರ್ ರಿಟ್ರೀಟ್: ಮೊದಲ ಯೋಚನೆಯಿಂದ ಕೊನೆಯ ರಸೀದಿಯವರೆಗೆ

ಸೊರೊರಿಟಿಯ ವಾರದ ಚಾಪ್ಟರ್ ಮೀಟಿಂಗ್‌ಗೆ ಒಂದು ಕಟ್ಟುಪಾಡು ಇರುತ್ತದೆ. ಹಾಜರಿ, ಆಫೀಸರ್‌ಗಳ (ಪದಾಧಿಕಾರಿಗಳ) ವರದಿ, ಒಂದೆರಡು ಮೋಷನ್ (ಠರಾವು), ವೋಟು, ಅಷ್ಟೇ. ಹೆನ್ರಿ ರಾಬರ್ಟ್ ಎಂಬ ಅಮೆರಿಕದ ಸೇನಾ ಎಂಜಿನಿಯರ್ 1876ರಲ್ಲಿ ಪ್ರಕಟಿಸಿದ ಸಭಾ ನಿಯಮಗಳನ್ನು ಎಷ್ಟೋ ಚಾಪ್ಟರ್‌ಗಳು ಇವತ್ತಿಗೂ ಪಾಲಿಸುತ್ತವೆ. ಕೆಲಸ ಸಾಗಬೇಕಾದರೆ ಅದು ಬೇಕೇ ಬೇಕು. ಆದರೆ "ಮೂರನೇ ವರ್ಷದವರು ಯಾಕೆ ಬರುವುದನ್ನೇ ನಿಲ್ಲಿಸಿದ್ದಾರೆ?" ಅಂತ ಅಲ್ಲಿ ಕೇಳಿ ನೋಡಿ. ಯಾರೂ ಬಾಯಿ ಬಿಡುವುದಿಲ್ಲ. ಅದನ್ನು ಮಾತಾಡೋಕೆ ಸಮಯವೂ ಇರುವುದಿಲ್ಲ. ಮಾಮೂಲಿ ಕೆಲಸ ಬದಿಗಿಟ್ಟು ಒಂದೆರಡು ದಿನ ಎಲ್ಲರೂ ಒಟ್ಟಿಗೆ ಕೂರುವ ರಿಟ್ರೀಟ್ ಬೇಕಾಗುವುದು ಇಂಥ ಮಾತಿಗೆ.

ಹೊಸಬರಿಗೆ ಎರಡು ಮಾತು. ಸೊರೊರಿಟಿ ಅಂದರೆ ಅಮೆರಿಕದ ಕಾಲೇಜುಗಳಲ್ಲಿ ವಿದ್ಯಾರ್ಥಿನಿಯರು ನಡೆಸುವ ಸಂಘ. ಒಂದೊಂದು ಕ್ಯಾಂಪಸ್ಸಿನ ಶಾಖೆಗೆ ಚಾಪ್ಟರ್ ಎನ್ನುತ್ತಾರೆ. 1851ರಲ್ಲಿ ಜಾರ್ಜಿಯಾದ ಮೇಕನ್ ಊರಲ್ಲಿ ಶುರುವಾದ ಅಡೆಲ್ಫಿಯನ್ ಸೊಸೈಟಿಯೇ ಮುಂದೆ ಆಲ್ಫಾ ಡೆಲ್ಟಾ ಪೈ ಆಯಿತು. ಕಪ್ಪು ವಿದ್ಯಾರ್ಥಿನಿಯರು 1908ರಲ್ಲಿ ಹಾವರ್ಡ್ ಯೂನಿವರ್ಸಿಟಿಯಲ್ಲಿ ಆಲ್ಫಾ ಕಪ್ಪಾ ಆಲ್ಫಾ ಕಟ್ಟಿದರು. ದಕ್ಷಿಣ ಏಷ್ಯಾ ಮೂಲದ ಹುಡುಗಿಯರ ಮೂರು ಸೊರೊರಿಟಿಗಳು 1998ರ ಒಂದೇ ವರ್ಷದಲ್ಲಿ ಹುಟ್ಟಿದವು: ಆಸ್ಟಿನ್‌ನಲ್ಲಿ ಕಪ್ಪಾ ಫೈ ಗಾಮಾ, ಹ್ಯೂಸ್ಟನ್‌ನಲ್ಲಿ ಡೆಲ್ಟಾ ಫೈ ಒಮೆಗಾ, ನ್ಯೂಯಾರ್ಕಿನಲ್ಲಿ ಸಿಗ್ಮಾ ಸಿಗ್ಮಾ ರೋ. ನಮ್ಮ ಕನ್ನಡದ ಮನೆಗಳ ಹುಡುಗಿಯರು ಇವುಗಳಲ್ಲೂ ಇದ್ದಾರೆ, ಹಳೆಯ ದೊಡ್ಡ ಸೊರೊರಿಟಿಗಳಲ್ಲೂ ಇದ್ದಾರೆ. ಅಂಥವರ ಕೈಗೆ ಒಂದು ದಿನ "ಈ ಸಲ ರಿಟ್ರೀಟ್ ನೀನೇ ನೋಡ್ಕೋ" ಅಂತ ಕೆಲಸ ಬಂದು ಬೀಳುತ್ತದೆ. ಅಲ್ಲಿಂದ ಏನೇನು ಮಾಡಬೇಕು ಅಂತ ನೋಡೋಣ. ನಾನು ಓದು ಮುಗಿಸಿದ ಮೇಲೆ ಚಾಪ್ಟರಿಗೆ ಸಲಹೆ ಕೊಡುವ ಅಡ್ವೈಸರ್ ಆಗಿ ರಾಜಧಾನಿ ವಾಷಿಂಗ್ಟನ್ ಸುತ್ತಮುತ್ತ ನೋಡಿರುವುದನ್ನೇ ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ. ಬೇರೆ ರಾಜ್ಯದಲ್ಲಿದ್ದರೆ ಜಾಗದ ಹೆಸರು ಬದಲಾಗುತ್ತದೆ, ಉಳಿದದ್ದು ಹೆಚ್ಚುಕಮ್ಮಿ ಇದೇ.

ಹೆಜ್ಜೆ 1: ಯಾವ ರಿಟ್ರೀಟ್ ಅಂತ ತೀರ್ಮಾನಿಸಿ

ರಿಟ್ರೀಟ್ ಎಂಬ ಒಂದೇ ಹೆಸರಲ್ಲಿ ಮೂರು ಬೇರೆ ಬೇರೆ ಕೆಲಸ ನಡೆಯುತ್ತವೆ. ಹಳೆಯ ಆಫೀಸರ್‌ಗಳು ಹೊಸಬರಿಗೆ ಜವಾಬ್ದಾರಿ ಒಪ್ಪಿಸುವುದು ಒಂದು. ಹೊಸ ಸದಸ್ಯೆಯರು ಪರಸ್ಪರ ಪರಿಚಯ ಮಾಡಿಕೊಳ್ಳುವುದು ಇನ್ನೊಂದು. ಇಡೀ ಚಾಪ್ಟರ್ ಒಟ್ಟಿಗೆ ಕೂತು ತನ್ನ ಸ್ಥಿತಿ ನೋಡಿಕೊಳ್ಳುವುದು ಮೂರನೆಯದು. ನಾನು ಹೇಳುತ್ತಿರುವುದು ಈ ಮೂರನೆಯದರ ಬಗ್ಗೆ. ಮೂರನ್ನೂ ಒಂದೇ ವಾರಾಂತ್ಯಕ್ಕೆ ತುರುಕಿದರೆ ಒಂದೂ ಆಗುವುದಿಲ್ಲ. ಹೊಸ ಸದಸ್ಯೆಯರನ್ನು ಸೇರಿಸಿಕೊಳ್ಳುವ ರಿಕ್ರೂಟ್‌ಮೆಂಟ್ ತಾಲೀಮನ್ನಂತೂ ಇದಕ್ಕೆ ಸೇರಿಸಲೇಬೇಡಿ. ಬಾಗಿಲಲ್ಲಿ ಹೇಗೆ ನಗಬೇಕು, ಹೇಗೆ ಮಾತು ಶುರು ಮಾಡಬೇಕು ಅಂತ ಇಡೀ ದಿನ ಅಭ್ಯಾಸ ಮಾಡಿದವರು ಸಂಜೆ ಮನಸ್ಸು ಬಿಚ್ಚಿ ಮಾತಾಡುವುದು ಕಷ್ಟ.

ಆಮೇಲೆ ಪ್ರೆಸಿಡೆಂಟ್ ಜೊತೆ ಕೂತು ಒಂದೇ ಒಂದು ಪ್ರಶ್ನೆ ಬರೆದುಕೊಳ್ಳಿ. ರಿಟ್ರೀಟ್ ಮುಗಿಯುವ ಹೊತ್ತಿಗೆ ಅದಕ್ಕೊಂದು ಉತ್ತರ ಸಿಗಬೇಕು. "ನಮ್ಮ ಒಗ್ಗಟ್ಟು ಹೆಚ್ಚಿಸುವುದು ಹೇಗೆ?" ಎಂಬ ಪ್ರಶ್ನೆ ಬೇಡ. ಅದಕ್ಕೆ ಯಾರು ಏನು ಬೇಕಾದರೂ ಹೇಳಬಹುದು. "ಸ್ಪ್ರಿಂಗ್ ಸೆಮಿಸ್ಟರಿನಲ್ಲಿ ಹಾಜರಿ ಯಾಕೆ ಬೀಳುತ್ತದೆ?", "ಬಿಗ್-ಲಿಟಲ್ ಜೋಡಿಗಳು (ಹೊಸಬಳು ಮತ್ತು ಅವಳನ್ನು ನೋಡಿಕೊಳ್ಳುವ ಹಳೆಯ ಸದಸ್ಯೆ) ಎರಡು ತಿಂಗಳಲ್ಲೇ ಯಾಕೆ ಮಾತು ನಿಲ್ಲಿಸುತ್ತವೆ?", "ಡ್ಯೂಸ್ (ಸದಸ್ಯತ್ವದ ಶುಲ್ಕ) ಕಟ್ಟುವುದು ಯಾರಿಗೆ ಭಾರವಾಗುತ್ತಿದೆ?" ಇವು ಪ್ರಶ್ನೆಗಳು.

ಆ ಪ್ರಶ್ನೆ ನಿಮ್ಮ ತಲೆಯಲ್ಲೇ ಹುಟ್ಟಿದ್ದಾದರೆ ಸಾಲದು. ಹೆಸರು ಬರೆಯಬೇಕಿಲ್ಲದ ಒಂದು ಚಿಕ್ಕ ಗೂಗಲ್ ಫಾರ್ಮ್ ಕಳಿಸಿ. ಈ ಚಾಪ್ಟರಿನಲ್ಲಿ ಯಾವುದು ಚೆನ್ನಾಗಿದೆ, ಯಾವುದು ನೋಯಿಸುತ್ತಿದೆ, ರಿಟ್ರೀಟ್‌ನಲ್ಲಿ ಯಾವುದು ಬೇಡವೇ ಬೇಡ. ಮೂರು ಪ್ರಶ್ನೆ ಸಾಕು. ಇದರ ಜೊತೆಗೆ, ಇತ್ತೀಚೆಗೆ ಕಾಣಿಸಿಕೊಳ್ಳದ ನಾಲ್ಕೈದು ಜನಕ್ಕೆ ನೀವೇ ಫೋನ್ ಮಾಡಿ ಒಂದು ಕಾಫಿಗೆ ಕರೆಯಿರಿ. ಫಾರ್ಮ್ ತುಂಬುವುದು ಹೇಗೂ ಬರುವವರೇ. ಚಾಪ್ಟರಿನ ನಿಜವಾದ ಸ್ಥಿತಿ ಬರದವರಿಗೆ ಗೊತ್ತಿರುತ್ತದೆ.

ಹೆಜ್ಜೆ 2: ತಾರೀಖು

ಎರಡು ಕಾಲ ಚೆನ್ನಾಗಿ ಒಗ್ಗುತ್ತವೆ. ಒಂದು, ಆಗಸ್ಟ್ ಕೊನೆಯಲ್ಲಿ ಕ್ಲಾಸು ಶುರುವಾಗುವ ಮುಂಚೆ. ಇನ್ನೊಂದು, ಜನವರಿಯಲ್ಲಿ ಸ್ಪ್ರಿಂಗ್ ಸೆಮಿಸ್ಟರಿನ ಮೊದಲ ಎರಡು ವಾರ. ತುಂಬಾ ಕಡೆ ಆಫೀಸರ್‌ಗಳ ಚುನಾವಣೆ ನವೆಂಬರ್-ಡಿಸೆಂಬರಿನಲ್ಲಿ ಮುಗಿದಿರುತ್ತದೆ. ಹಾಗಾಗಿ ಜನವರಿಯದು ಹೊಸ ತಂಡಕ್ಕೆ ಒಳ್ಳೆಯ ಆರಂಭ. ನನ್ನ ಒಲವೂ ಜನವರಿಯ ಕಡೆಗೇ. ಆಗಸ್ಟಿನಲ್ಲಿ ಎಲ್ಲರ ತಲೆಯಲ್ಲೂ ರಿಕ್ರೂಟ್‌ಮೆಂಟ್ ಒಂದೇ ಓಡುತ್ತಿರುತ್ತದೆ.

ಆಗಸ್ಟ್ ಎಂದರೆ ಏಪ್ರಿಲ್‌ನಲ್ಲೇ ಜಾಗ ಹಿಡಿಯಬೇಕು, ಬೇಸಿಗೆ ರಜೆಗೆ ಎಲ್ಲರೂ ಚದುರಿ ಹೋಗುತ್ತಾರೆ. ಜನವರಿ ಎಂದರೆ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ರಜೆಗೆ ಮುಂಚೆ ಬುಕಿಂಗ್ ಮುಗಿದಿರಬೇಕು. ಜನವರಿ ಮೂರನೇ ಸೋಮವಾರ ಮಾರ್ಟಿನ್ ಲೂಥರ್ ಕಿಂಗ್ ದಿನದ ರಜೆ. ಆ ವಾರಾಂತ್ಯ ಅನುಕೂಲ ಅಂತ ಕಾಣುತ್ತದೆ, ಆದರೆ ಅವತ್ತು ಸಮುದಾಯ ಸೇವೆಗೆ ಹೋಗುವವರು, ಊರಿಗೆ ಹೋಗುವವರು ಜಾಸ್ತಿ. ಮೊದಲು ಕೇಳಿ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಇಡುವುದಾದರೆ ಯಹೂದಿಗಳ ರೋಶ್ ಹಶಾನಾ, ಯೋಮ್ ಕಿಪ್ಪುರ್, ನಮ್ಮ ನವರಾತ್ರಿ, ಹಳೆಯ ವಿದ್ಯಾರ್ಥಿಗಳು ಬಂದು ಸೇರುವ ಕಾಲೇಜಿನ ಹೋಮ್‌ಕಮಿಂಗ್, ಮಿಡ್‌ಟರ್ಮ್ ಪರೀಕ್ಷೆ ಎಲ್ಲವನ್ನೂ ಒಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ರಂಜಾನ್ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. ಉಪವಾಸ ಇರುವ ಸಿಸ್ಟರ್‌ಗಳಿದ್ದರೆ (ಸಹ-ಸದಸ್ಯೆಯರಿದ್ದರೆ) ಊಟದ ಹೊತ್ತನ್ನೇ ಬದಲಿಸಬೇಕಾಗುತ್ತದೆ.

ತಾರೀಖು ಕನಿಷ್ಠ ಆರು ವಾರ ಮುಂಚೆ ಎಲ್ಲರಿಗೂ ಗೊತ್ತಾಗಬೇಕು. ವಾರಾಂತ್ಯದಲ್ಲಿ ಅಂಗಡಿ, ಹೋಟೆಲಿನಲ್ಲಿ ದುಡಿದು ಫೀಸು ಕಟ್ಟುವ ಹುಡುಗಿಯರಿದ್ದಾರೆ. ಅವರು ಶಿಫ್ಟ್ ಬದಲಿಸಿಕೊಳ್ಳಲು ಸಮಯ ಬೇಕು. ಬರದಿದ್ದರೆ ದಂಡ ಹಾಕುವ ಪದ್ಧತಿ ಕೆಲವು ಕಡೆ ಇದೆ. ಕೆಲಸ, ಕಾಯಿಲೆ, ಮನೆಯ ತೊಂದರೆಗೆ ದಂಡ ಹಾಕಬಾರದು. ದಂಡದ ಭಯಕ್ಕೆ ಬಂದು ಕೂತವಳಿಂದ ನಿಜವಾದ ಮಾತು ಬರುವುದಿಲ್ಲ.

ಹೆಜ್ಜೆ 3: ಜಾಗ

ಮೊದಲು ಪಟ್ಟಿ ಮಾಡಿ: ಎಷ್ಟು ಜನ, ರಾತ್ರಿ ಉಳಿಯಬೇಕೇ, ಒಂದೇ ಕೋಣೆಯಲ್ಲಿ ಎಲ್ಲರೂ ದುಂಡಗೆ ಕೂರಬಹುದೇ, ಅಡುಗೆಮನೆ ಇದೆಯೇ, ಚಳಿಗಾಲದಲ್ಲಿ ಹೀಟಿಂಗ್ ಇದೆಯೇ. ದೊಡ್ಡ ಮನೆ ಬಾಡಿಗೆಗೆ ಸಿಗುತ್ತದೆ ಅಂತ ಎಲ್ಲರೂ ಮೊದಲು ಅದನ್ನೇ ಹುಡುಕುತ್ತಾರೆ. ಆದರೆ ಅಂಥ ಮನೆಗಳಲ್ಲಿ ಹೆಚ್ಚಾಗಿ ಜನಸಂಖ್ಯೆಯ ಮಿತಿ ಇರುತ್ತದೆ, ಗುಂಪು ಕಾರ್ಯಕ್ರಮ ನಿಷೇಧ ಎಂದೂ ಬರೆದಿರುತ್ತಾರೆ. ನಲವತ್ತು ಜನ ಎಂದರೆ ವೈಎಂಸಿಎ ಕ್ಯಾಂಪು, 4-ಎಚ್ ಎಂಬ ಯುವ ಸಂಘಟನೆಯ ಕ್ಯಾಂಪು, ಚರ್ಚುಗಳ ಶಿಬಿರದ ಜಾಗ, ಪಾರ್ಕುಗಳ ಗ್ರೂಪ್ ಕ್ಯಾಬಿನ್ ಇವೇ ಸರಿ. ಮಕ್ಕಳ ಬೇಸಿಗೆ ಶಿಬಿರ ಇಲ್ಲದ ತಿಂಗಳುಗಳಲ್ಲಿ ಇವು ಕಡಿಮೆ ಬಾಡಿಗೆಗೆ ಸಿಗುವುದುಂಟು.

ವಾಷಿಂಗ್ಟನ್ ಆಸುಪಾಸಿನವರಿಗೆ ಎರಡು ಒಳ್ಳೆಯ ಜಾಗ ಇವೆ. ವರ್ಜೀನಿಯಾದ ಪ್ರಿನ್ಸ್ ವಿಲಿಯಂ ಫಾರೆಸ್ಟ್ ಪಾರ್ಕಿನಲ್ಲಿ 1930ರ ದಶಕದಲ್ಲಿ ಕಟ್ಟಿದ ಕ್ಯಾಬಿನ್ ಕ್ಯಾಂಪುಗಳಿವೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಗೂಢಚಾರರಿಗೆ ಅಲ್ಲೇ ತರಬೇತಿ ಕೊಟ್ಟಿದ್ದರು. ಮೇರಿಲ್ಯಾಂಡಿನ ಕಟಾಕ್ಟಿನ್ ಮೌಂಟನ್ ಪಾರ್ಕಿನಲ್ಲಿ ಕ್ಯಾಂಪ್ ಗ್ರೀನ್‌ಟಾಪ್ ಇದೆ. ಅಧ್ಯಕ್ಷರ ಕ್ಯಾಂಪ್ ಡೇವಿಡ್ ಇರುವುದೂ ಅದೇ ಬೆಟ್ಟದಲ್ಲಿ. ಗ್ರೀನ್‌ಟಾಪನ್ನು ಅಂಗವೈಕಲ್ಯ ಇರುವ ಮಕ್ಕಳಿಗಾಗಿಯೇ ಕಟ್ಟಿದ್ದು. ಗಾಲಿಕುರ್ಚಿ ಬಳಸುವ ಸಿಸ್ಟರ್ ಇದ್ದರೆ ಇಂಥ ಜಾಗಗಳನ್ನೇ ಮೊದಲು ವಿಚಾರಿಸಿ. ಇವೆಲ್ಲ ವರ್ಷಪೂರ್ತಿ ತೆರೆದಿರುತ್ತವೆ ಅಂದುಕೊಳ್ಳಬೇಡಿ. ತಿಂಗಳು ಹೇಳಿ ಕೇಳಿ. ಹಾಸಿಗೆ-ಹೊದಿಕೆ, ಪಾತ್ರೆ-ಪಗಡ ಅವರೇ ಕೊಡುತ್ತಾರೋ ನೀವೇ ಒಯ್ಯಬೇಕೋ ಅದನ್ನೂ ಬರವಣಿಗೆಯಲ್ಲಿ ಪಡೆಯಿರಿ.

ದುಡ್ಡು ಕಡಿಮೆ ಇದ್ದರೆ ಕ್ಯಾಂಪಸ್ಸಿನಲ್ಲೇ ಒಂದು ದಿನದ ರಿಟ್ರೀಟ್ ಮಾಡಿ. ಆದರೆ ನಿಮ್ಮ ಚಾಪ್ಟರ್ ಹೌಸಿನಲ್ಲಿ ಬೇಡ. ಅಲ್ಲಿ ಮಧ್ಯಾಹ್ನದ ಹೊತ್ತಿಗೆ ಅರ್ಧ ಜನ ತಮ್ಮ ತಮ್ಮ ರೂಮು ಸೇರಿರುತ್ತಾರೆ.

ಕಾಂಟ್ರ್ಯಾಕ್ಟಿಗೆ ನೀವಾಗಿಯೇ ಸಹಿ ಹಾಕಬೇಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ನಿಮ್ಮ ಹೆಸರಲ್ಲಿ ಸಹಿ ಹಾಕಿದರೆ ಒಡೆದ ಕಿಟಕಿಯ ದುಡ್ಡು ಕೂಡ ನಿಮ್ಮ ತಲೆ ಮೇಲೇ ಬರಬಹುದು. ಚಾಪ್ಟರ್ ಪರವಾಗಿ ಯಾರು ಸಹಿ ಹಾಕಬಹುದು ಎಂದು ನಿಮ್ಮ ಸೊರೊರಿಟಿಯ ಹೆಡ್‌ಕ್ವಾರ್ಟರ್ಸ್ ನಿಯಮದಲ್ಲಿ ಇರುತ್ತದೆ. ಜಾಗದವರು ಇನ್ಶೂರೆನ್ಸ್ ಸರ್ಟಿಫಿಕೇಟ್ ಕೇಳಬಹುದು. ಅದನ್ನು ಹೆಡ್‌ಕ್ವಾರ್ಟರ್ಸಿನಿಂದಲೇ ತರಿಸಬೇಕು, ಕೈಗೆ ಬರಲು ದಿನ ಹಿಡಿಯುತ್ತದೆ. ಜಾಗ ಗೊತ್ತಾದ ದಿನವೇ ಅರ್ಜಿ ಹಾಕಿ. ರದ್ದು ಮಾಡಿದರೆ ಎಷ್ಟು ವಾಪಸ್, ಹಿಮ ಬಿದ್ದು ರಸ್ತೆ ಮುಚ್ಚಿದರೆ ಏನು ಎಂಬ ಸಾಲುಗಳನ್ನು ಅಡ್ವೈಸರ್ ಜೊತೆ ಕೂತು ಓದಿ.

ಹೆಜ್ಜೆ 4: ಲೆಕ್ಕ

ನಲವತ್ತು ಜನರ ಒಂದು ರಾತ್ರಿಯ ರಿಟ್ರೀಟಿಗೆ ಲೆಕ್ಕ ಹೇಗೆ ಹಾಕಬೇಕು ಎಂದು ತೋರಿಸುತ್ತೇನೆ. ಅಂಕಿಗಳು ಬರೀ ಮಾದರಿ, ನಿಮ್ಮ ಊರಿನ ದರ ಹಾಕಿಕೊಳ್ಳಿ. ಕ್ಯಾಂಪು 900 ಡಾಲರ್, ಬಸ್ಸು 1,400, ಊಟ ತಲೆಗೆ 22ರಂತೆ 880, ಕಾಗದ-ಪೆನ್ನು-ಔಷಧಿ ಡಬ್ಬಿ 120. ಒಟ್ಟು 3,300. ಅನಿರೀಕ್ಷಿತ ಖರ್ಚಿಗೆ ಶೇಕಡಾ 10, ಅಂದರೆ 330 ಸೇರಿಸಿ. 3,630 ಆಯಿತು. ತಲೆಗೆ ಸುಮಾರು 91 ಡಾಲರ್.

ಈ 91 ಡಾಲರನ್ನು ಆ ವಾರ ಎಲ್ಲರಿಂದ ವಸೂಲಿ ಮಾಡುವುದು ತಪ್ಪು ದಾರಿ. ಸೆಮಿಸ್ಟರಿನ ಬಜೆಟ್ಟಿನಲ್ಲೇ ರಿಟ್ರೀಟಿಗೆ ಒಂದು ಸಾಲು ಇರಬೇಕು, ಡ್ಯೂಸಿನಲ್ಲೇ ಅದು ಅಡಗಿರಬೇಕು. ಅದು ಆಗದಿದ್ದರೆ ಟ್ರೆಷರರ್ ಹತ್ತಿರ ಗುಟ್ಟಾಗಿ ಕೇಳಿ ರಿಯಾಯಿತಿ ಪಡೆಯುವ ದಾರಿ ಇಡಿ. ಯಾರು ಪಡೆದರು ಎಂದು ಪ್ರೆಸಿಡೆಂಟಿಗೂ ಗೊತ್ತಾಗಬೇಕಿಲ್ಲ. "ನನಗೆ ಆ ವಾರ ಬೇರೆ ಕೆಲಸ ಇದೆ" ಎಂದು ತಪ್ಪಿಸಿಕೊಳ್ಳುವವರಲ್ಲಿ ಕೈಯಲ್ಲಿ ದುಡ್ಡಿಲ್ಲದವರೂ ಇರುತ್ತಾರೆ. ಅವರಿಗೆ ಅದನ್ನು ಬಾಯಿಬಿಟ್ಟು ಹೇಳುವ ಸಂಕಟ ಬರಬಾರದು.

ಹೆಜ್ಜೆ 5: ಹೋಗಿ ಬರುವುದು

ಎಲ್ಲದಕ್ಕಿಂತ ದೊಡ್ಡ ಅಪಾಯ ರಸ್ತೆಯಲ್ಲಿದೆ. ದುಡ್ಡಿದ್ದರೆ ಬಸ್ಸು ಮಾಡಿ, ಮಿಕ್ಕಿದ್ದರಲ್ಲಿ ಉಳಿಸಿ. 15 ಸೀಟಿನ ವ್ಯಾನ್ ಬೇಡ. ಜನ ತುಂಬಿದಷ್ಟೂ ಅದು ಮಗುಚುವ ಸಂಭವ ಜಾಸ್ತಿ ಎಂದು ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆಯೇ ಎಚ್ಚರಿಸಿದೆ. ವಿದ್ಯಾರ್ಥಿಗಳು ಅದನ್ನು ಓಡಿಸಬಾರದು ಎಂದು ಎಷ್ಟೋ ಯೂನಿವರ್ಸಿಟಿಗಳು ನಿಯಮ ಮಾಡಿವೆ. 25 ತುಂಬದವರಿಗೆ ಬಾಡಿಗೆ ಕಂಪನಿಗಳು ಹೆಚ್ಚುವರಿ ಶುಲ್ಕವನ್ನೂ ಹಾಕುತ್ತವೆ.

ಸ್ವಂತ ಕಾರುಗಳಲ್ಲಿ ಹೋಗುವುದಾದರೆ ಪ್ರತಿ ಡ್ರೈವರಿನ ಲೈಸೆನ್ಸು, ಇನ್ಶೂರೆನ್ಸು ನೋಡಿ. ಯಾವ ಕಾರಿನಲ್ಲಿ ಯಾರು ಎಂಬ ಪಟ್ಟಿಯನ್ನು ಕ್ಯಾಂಪಸ್ಸಿನಲ್ಲಿ ಉಳಿಯುವ ಒಬ್ಬರ ಕೈಗೆ ಕೊಡಿ. ಭಾರತದಿಂದ ಈಗಷ್ಟೇ ಬಂದ ಹುಡುಗಿಗೆ ಡ್ರೈವಿಂಗ್ ಬರುತ್ತದೆ ಅಂತ ಸ್ಟಿಯರಿಂಗ್ ಕೊಡಬೇಡಿ. ಇಲ್ಲಿ ಬಲಗಡೆ ಓಡಿಸಬೇಕು, ಲೈಸೆನ್ಸ್ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ.

ಶುಕ್ರವಾರ ಸಂಜೆ ಹೊರಡುವ ಯೋಚನೆ ಬಿಡಿ. ವಾಷಿಂಗ್ಟನ್‌ನಿಂದ ದಕ್ಷಿಣಕ್ಕೆ ಹೋಗುವ ಐ-95 ಹೆದ್ದಾರಿ ಆ ಹೊತ್ತಿಗೆ ತುಂಬಿ ತುಳುಕುತ್ತದೆ. ಅಕ್ಟೋಬರ್-ನವೆಂಬರಿನ ಮುಸ್ಸಂಜೆಯಲ್ಲಿ ಜಿಂಕೆಗಳೂ ರಸ್ತೆಗೆ ಹಾರುತ್ತವೆ. ಶನಿವಾರ ಬೆಳಗ್ಗೆ ಹೊರಟು ಭಾನುವಾರ ಮಧ್ಯಾಹ್ನದ ಬೆಳಕಲ್ಲೇ ವಾಪಸ್ ಬನ್ನಿ. ಡ್ರೈವ್ ಮಾಡುವವರು ರಾತ್ರಿ ಚೆನ್ನಾಗಿ ನಿದ್ದೆ ಮಾಡಿರಲೇಬೇಕು.

ಹೆಜ್ಜೆ 6: ಊಟ

ಹೊಟ್ಟೆ ಹಸಿದಿದ್ದರೆ ಯಾವ ಚರ್ಚೆಯೂ ಜಗಳವಾಗುತ್ತದೆ. ಪಿಜ್ಜಾ ತರಿಸುವುದು ಸುಲಭ. ಆದರೆ ಅಡುಗೆಮನೆ ಇದ್ದರೆ ಒಂದು ಹೊತ್ತಾದರೂ ಒಟ್ಟಿಗೆ ಅಡುಗೆ ಮಾಡಿ. ಮೀಟಿಂಗಿನಲ್ಲಿ ಬಾಯಿ ಬಿಡದವರು ತರಕಾರಿ ಹೆಚ್ಚುವಾಗ ಮಾತಿಗೆ ಇಳಿಯುತ್ತಾರೆ.

ನಮ್ಮ ಬಿಸಿಬೇಳೆಬಾತು ಇದಕ್ಕೆ ಹೇಳಿ ಮಾಡಿಸಿದ್ದು. ನಲವತ್ತು ಜನಕ್ಕೆ ಎರಡೂವರೆ ಕಿಲೋ ಅಕ್ಕಿ, ಒಂದೂಮುಕ್ಕಾಲು ಕಿಲೋ ತೊಗರಿಬೇಳೆ, ನಾಲ್ಕು ಕಿಲೋ ತರಕಾರಿ, 20 ಲೀಟರಿನ ಎರಡು ಪಾತ್ರೆ. ಬೇಳೆಯನ್ನು ಹಿಂದಿನ ದಿನವೇ ಕುಕ್ಕರಿನಲ್ಲಿ ಬೇಯಿಸಿ, ಪೂರ್ತಿ ತಣ್ಣಗಾದ ಮೇಲೆ ಐಸ್ ತುಂಬಿದ ಕೂಲರಿನಲ್ಲಿ ಒಯ್ಯಿರಿ. ಕ್ಯಾಂಪಿನ ಒಲೆಯ ಮೇಲೆ ಅಷ್ಟು ಬೇಳೆ ಬೇಯುವುದನ್ನು ಕಾಯುತ್ತಾ ಕೂತರೆ ರಾತ್ರಿ ಒಂಬತ್ತಾಗುತ್ತದೆ. ಪುಡಿ ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ.

ಈಗ ಇದೇ ಪಾತ್ರೆಯಲ್ಲಿ ಯಾರಿಗೆ ಏನು ಆಗದು ಎಂದು ನೋಡಿ. ಒಗ್ಗರಣೆಯ ಗೋಡಂಬಿ ನಟ್ ಅಲರ್ಜಿ ಇರುವವಳಿಗೆ ಪ್ರಾಣಕ್ಕೇ ಅಪಾಯ. ತುಪ್ಪ, ಹಾಲಿನ ಪದಾರ್ಥವನ್ನೂ ತಿನ್ನದ ವೀಗನ್‌ಗಳಿಗೆ ಆಗದು. ಅಂಗಡಿಯ ಇಂಗಿನ ಡಬ್ಬಿಯಲ್ಲಿ ಸಾಮಾನ್ಯವಾಗಿ ಗೋಧಿಹಿಟ್ಟು ಬೆರೆಸಿರುತ್ತಾರೆ, ಅದು ಸೀಲಿಯಾಕ್ ಕಾಯಿಲೆ ಇರುವವರಿಗೆ ಆಗದು. ಈರುಳ್ಳಿ, ಆಲೂಗಡ್ಡೆ, ಕ್ಯಾರೆಟ್ ಜೈನರಿಗೆ ಆಗದು. ಸಸ್ಯಾಹಾರ, ಹಲಾಲ್ ಎಂದು ಎರಡು ಕಾಲಂ ಇಟ್ಟು ಫಾರ್ಮ್ ಮುಗಿಸುವವರಿಗೆ ಇದ್ಯಾವುದೂ ಗೊತ್ತಾಗುವುದಿಲ್ಲ. "ನೀವು ತಿನ್ನಲಾಗದ್ದೇನು, ತಿಂದರೆ ಏನಾಗುತ್ತದೆ?" ಎಂದು ಕೇಳಿ. ಗೋಡಂಬಿಯನ್ನು ಕ್ಯಾಂಪಿಗೆ ತರಲೇಬೇಡಿ. ಒಂದು ಪಾತ್ರೆ ಎಣ್ಣೆ ಒಗ್ಗರಣೆ, ಇಂಗಿಲ್ಲದೆ ಇರಲಿ. ಪುಡಿಯ ಪೊಟ್ಟಣದ ಹಿಂದೆ ಬರೆದಿರುವುದನ್ನೂ ಓದಿ, ಅದರಲ್ಲೂ ಇಂಗು ಇರಬಹುದು. ಎಪಿಪೆನ್ (ಅಲರ್ಜಿಯಾದಾಗ ತುರ್ತಾಗಿ ಚುಚ್ಚುವ ಇಂಜೆಕ್ಷನ್) ಯಾರ ಬ್ಯಾಗಿನಲ್ಲಿದೆ ಎಂದು ಅವಳ ಕೋಣೆಯವರಿಗೆಲ್ಲ ತಿಳಿದಿರಲಿ. ಮಾಡಿದ ಅಡುಗೆ ಎರಡು ಗಂಟೆಗಿಂತ ಜಾಸ್ತಿ ಹೊರಗೆ ಇರಬಾರದು.

ಹೆಜ್ಜೆ 7: ಏನು ಮಾಡಬಾರದು

ಇದನ್ನು ಕಾರ್ಯಕ್ರಮ ಬರೆಯುವ ಮುಂಚೆಯೇ ಹೇಳಿಬಿಡುತ್ತೇನೆ. 2024ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಸ್ಟಾಪ್ ಕ್ಯಾಂಪಸ್ ಹೇಜಿಂಗ್ ಆಕ್ಟ್ ಎಂಬ ಕೇಂದ್ರ ಕಾನೂನು ಬಂತು. ಸಂಘಕ್ಕೆ ಸೇರಲು ಅಥವಾ ಸಂಘದಲ್ಲಿ ಉಳಿಯಲು ಒಬ್ಬರನ್ನು ದೇಹಕ್ಕೋ ಮನಸ್ಸಿಗೋ ಅಪಾಯವಾಗುವ ಕೆಲಸಕ್ಕೆ ಒಡ್ಡಿದರೆ ಅದು ಹೇಜಿಂಗ್. "ಅವಳೇ ಒಪ್ಪಿದ್ದಳು" ಎಂಬ ಮಾತು ಆ ವ್ಯಾಖ್ಯೆಯ ಮುಂದೆ ನಡೆಯುವುದಿಲ್ಲ. ಬಹುತೇಕ ರಾಜ್ಯಗಳಲ್ಲಿ ಇದಕ್ಕೆ ಬೇರೆ ಕಾನೂನುಗಳೂ ಇವೆ.

ಹಾಗಾಗಿ ಕಣ್ಣು ಕಟ್ಟುವುದು ಬೇಡ. ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಹೇಳದೆ ಕರೆದೊಯ್ಯುವುದು ಬೇಡ. ಫೋನ್ ಕಿತ್ತಿಟ್ಟುಕೊಳ್ಳುವುದು ಬೇಡ. ರಾತ್ರಿ ಎಬ್ಬಿಸುವುದು ಬೇಡ. ಪಾತ್ರೆ ತೊಳೆಯುವ ಸರದಿ ಹೊಸಬರಿಗೆ ಮಾತ್ರ ಬಂದರೆ ಅದೂ ತಪ್ಪೇ. 21 ತುಂಬದವರು ಕುಡಿಯುವಂತಿಲ್ಲ, ಚಾಪ್ಟರ್ ದುಡ್ಡಲ್ಲಿ ಮದ್ಯ ತರುವಂತಿಲ್ಲ. ಇಡೀ ರಿಟ್ರೀಟನ್ನೇ ಮದ್ಯವಿಲ್ಲದೆ ಮಾಡಿ, ಅದರಲ್ಲಿ ಎರಡು ಮಾತಿಲ್ಲ.

ಇನ್ನೊಂದು ಇದೆ, ಇದನ್ನು ಎಷ್ಟೋ ಜನ ಹೇಜಿಂಗ್ ಎಂದು ಎಣಿಸುವುದೇ ಇಲ್ಲ. ಕತ್ತಲಲ್ಲಿ ದುಂಡಗೆ ಕೂರಿಸಿ ಒಬ್ಬೊಬ್ಬರೂ ತಮ್ಮ ಬದುಕಿನ ದೊಡ್ಡ ನೋವು ಹೇಳಬೇಕು ಎನ್ನುವ ಆಟ. ಒಬ್ಬಳು ಅಳುತ್ತಾಳೆ, ಎಲ್ಲರೂ ಅಳುತ್ತಾರೆ, ಬೆಳಗ್ಗೆ "ಎಷ್ಟು ಹತ್ತಿರವಾದೆವು" ಎನ್ನುತ್ತಾರೆ. ಆ ವಾರವಿಡೀ ನಿದ್ದೆ ಬಾರದವಳು ಯಾರು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಒತ್ತಾಯದಿಂದ ಹೊರಬಂದ ಮಾತಿನಿಂದ ನಂಬಿಕೆ ಬೆಳೆಯುವುದಿಲ್ಲ. ಹಂಚಿಕೊಳ್ಳುವ ಹೊತ್ತು ಇರಲಿ, ಆದರೆ "ಪಾಸ್" ಎನ್ನುವ ಹಕ್ಕು ಎಲ್ಲರಿಗೂ ಇರಲಿ, ಪ್ರೆಸಿಡೆಂಟೇ ಮೊದಲು ಪಾಸ್ ಹೇಳಿ ತೋರಿಸಲಿ. ಯೂನಿವರ್ಸಿಟಿ ಸಿಬ್ಬಂದಿ ಜೊತೆಗಿದ್ದರೆ ಲೈಂಗಿಕ ದೌರ್ಜನ್ಯದಂಥ ವಿಷಯ ಕೇಳಿದ ಮೇಲೆ ಅದನ್ನು ವರದಿ ಮಾಡುವ ಹೊಣೆ ಅವರಿಗೆ ಇರಬಹುದು. ಅದನ್ನು ಮೊದಲೇ ತಿಳಿಸಿ. "ಇಲ್ಲಿನ ಮಾತು ಇಲ್ಲೇ ಇರುತ್ತದೆ" ಎಂದು ಸುಮ್ನೆ ಮಾತು ಕೊಡಬೇಡಿ. ಕ್ಯಾಂಪಸ್ ಕೌನ್ಸೆಲಿಂಗ್ ನಂಬರ್, ಮಾನಸಿಕ ಸಂಕಟದಲ್ಲಿ ಕರೆಯಬಹುದಾದ 988 ಸಹಾಯವಾಣಿ ಎಲ್ಲ ಗೋಡೆಗಳ ಮೇಲೂ ಅಂಟಿಸಿರಲಿ.

ಹೆಜ್ಜೆ 8: ಎರಡು ದಿನದ ಕಾರ್ಯಕ್ರಮ

ಶನಿವಾರ ಒಂಬತ್ತಕ್ಕೆ ಹೊರಟು ಹತ್ತೂವರೆಯಿಂದ ಹನ್ನೊಂದರೊಳಗೆ ತಲುಪಿ. ಮೊದಲು ತಿಂಡಿ, ಆಮೇಲೆ ಕೋಣೆ ಹಂಚಿಕೆ. ಒಂದೇ ವರ್ಷದವರು ಒಂದೇ ಕೋಣೆ ಸೇರದಂತೆ ನೀವೇ ಪಟ್ಟಿ ಮಾಡಿಟ್ಟಿರಿ. ಆದರೆ ಯಾರಾದರೂ "ಅವಳ ಜೊತೆ ಬೇಡ" ಎಂದು ಮೊದಲೇ ಹೇಳಿದ್ದರೆ ಕಾರಣ ಕೇಳದೆ ಬದಲಿಸಿ.

ಊಟಕ್ಕೆ ಮುಂಚೆ ಒಂದು ಗಂಟೆ ಚಾಪ್ಟರಿನ ಸ್ಥಿತಿ. ಟ್ರೆಷರರ್ ನಿಜವಾದ ಲೆಕ್ಕ ತೋರಿಸಲಿ: ಎಷ್ಟು ಬಂತು, ಎಲ್ಲಿ ಹೋಯಿತು, ಎಷ್ಟು ಬಾಕಿ. ಹೆಸರುಗಳು ಬೇಡ. ಸದಸ್ಯರ ಸಂಖ್ಯೆ, ಹಾಜರಿ, ಸೇವಾ ಗಂಟೆ ಇವೂ ಇರಲಿ. ತಮ್ಮ ಡ್ಯೂಸಿನಲ್ಲಿ ಎಷ್ಟು ಭಾಗ ಇನ್ಶೂರೆನ್ಸಿಗೆ, ಎಷ್ಟು ಹೆಡ್‌ಕ್ವಾರ್ಟರ್ಸಿಗೆ ಹೋಗುತ್ತದೆ ಎಂದು ಆವತ್ತೇ ಮೊದಲ ಸಲ ಕೇಳುವವರು ತುಂಬಾ ಇರುತ್ತಾರೆ.

ಮಧ್ಯಾಹ್ನ ಒಂದೂಮುಕ್ಕಾಲಿಗೆ ಮುಖ್ಯ ಪ್ರಶ್ನೆ. ಇದನ್ನು ಪ್ರೆಸಿಡೆಂಟ್ ನಡೆಸಬಾರದು. ಚಾಪ್ಟರಿನಲ್ಲಿ ಏನು ಸರಿಯಿಲ್ಲ ಎಂಬ ಮಾತು ಒಂದಲ್ಲ ಒಂದು ರೀತಿಯಲ್ಲಿ ಅವಳಿಗೇ ತಾಗುತ್ತದೆ. ಬೇರೆ ಚಾಪ್ಟರಿನ ಹಳೆಯ ಸದಸ್ಯೆ ಒಬ್ಬಳನ್ನು ಕರೆಸಿ.

ನಡೆಸುವ ರೀತಿ ಹೀಗೆ. ಎಲ್ಲರಿಗೂ ಒಂದೇ ಬಣ್ಣದ ಪೆನ್ನು, ಒಂದೇ ಅಳತೆಯ ಕಾರ್ಡು ಕೊಡಿ. ಪ್ರಶ್ನೆಯನ್ನು ಬೋರ್ಡಿನಲ್ಲಿ ಬರೆಯಿರಿ. ಐದು ನಿಮಿಷ ಯಾರೂ ಮಾತಾಡದೆ ಬರೆಯಬೇಕು. ಹೆಸರು ಬೇಡ, ದೊಡ್ಡಕ್ಷರದಲ್ಲಿ ಬರೆಯಲಿ, ಯಾಕೆಂದರೆ ಜೊತೆಗೆ ಓದುವವರಿಗೆ ಕೈಬರಹ ಗುರುತು ಸಿಗುತ್ತದೆ. ಕಾರ್ಡುಗಳನ್ನು ಕಲಸಿ, ಐದಾರು ಜನರ ಗುಂಪುಗಳಿಗೆ ಹಂಚಿ. ಪ್ರತಿ ಗುಂಪಿನಲ್ಲೂ ಒಬ್ಬ ಆಫೀಸರ್ ಇರಲಿ, ಆದರೆ ಅವಳು ಗುಂಪಿನ ಮುಂದಾಳು ಆಗಬಾರದು. ಗುಂಪಿನವರು ಕೈಗೆ ಬಂದ ಕಾರ್ಡುಗಳನ್ನು ಜೋರಾಗಿ ಓದಬೇಕು. ತಾನು ಬರೆಯಲು ಹೆದರುತ್ತಿದ್ದ ಮಾತನ್ನು ಇನ್ನೊಬ್ಬಳ ಬಾಯಲ್ಲಿ ಕೇಳಿದಾಗ ಕೋಣೆಯ ಗಾಳಿಯೇ ಬದಲಾಗುತ್ತದೆ. ಇದನ್ನು ನಾನು ಪ್ರತಿ ಸಲ ನೋಡುತ್ತೇನೆ.

ಒಂದೇ ತರದ ಕಾರ್ಡುಗಳನ್ನು ಗೋಡೆಯ ಮೇಲೆ ಒಟ್ಟಿಗೆ ಅಂಟಿಸಿ. ಪ್ರತಿಯೊಬ್ಬರಿಗೂ ಮೂರು ಚುಕ್ಕೆ ಸ್ಟಿಕರ್. ಯಾವುದು ಮುಖ್ಯವೋ ಅದಕ್ಕೆ ಅಂಟಿಸಲಿ. ಹೆಚ್ಚು ಚುಕ್ಕೆ ಬಿದ್ದ ಮೂರು ವಿಷಯ ತೆಗೆದುಕೊಳ್ಳಿ. ಒಂದೊಂದಕ್ಕೂ ಅರ್ಧ ಗಂಟೆ ಗುಂಪು ಚರ್ಚೆ. ನಿಜವಾಗಿ ಏನಾಗುತ್ತಿದೆ? ದುಡ್ಡು ಖರ್ಚಿಲ್ಲದೆ ಈ ಸೆಮಿಸ್ಟರಿನಲ್ಲೇ ಏನು ಮಾಡಬಹುದು? ಯಾರು ಮಾಡುತ್ತಾರೆ? ಕೆಲವು ಕಾರ್ಡುಗಳಲ್ಲಿ ಒಬ್ಬಳ ಹೆಸರೇ ಬಂದಿರಬಹುದು. ಅಂಥದ್ದನ್ನು ನಡೆಸುವವಳು ಹಂಚುವ ಮುಂಚೆಯೇ ತೆಗೆದಿಟ್ಟು ಆಮೇಲೆ ಪ್ರೆಸಿಡೆಂಟ್ ಜೊತೆ ಮಾತಾಡಬೇಕು. ಅದಕ್ಕಾಗಿ ಬರೆದಾದ ಮೇಲೆ ಹತ್ತು ನಿಮಿಷದ ಚಹಾ ವಿರಾಮ ಇಡಿ.

ಆಮೇಲೆ ಐದರವರೆಗೆ ಏನೂ ಇಡಬೇಡಿ. ಕಾಡಲ್ಲಿ ನಡೆಯುವವರು ನಡೆಯಲಿ, ಮಲಗುವವರು ಮಲಗಲಿ. ಐದಕ್ಕೆ ಅಡುಗೆ ತಂಡ, ಆರೂವರೆಗೆ ಊಟ. ರಾತ್ರಿ ಎಂಟಕ್ಕೆ ಹಾಡು, ಆಟ, ಹಳೆಯ ಫೋಟೋಗಳು. ಮೇಣದಬತ್ತಿಯ ಸಂಪ್ರದಾಯ ಇದ್ದರೆ ಮರದ ಕ್ಯಾಬಿನ್‌ಗಳಲ್ಲಿ ಬ್ಯಾಟರಿ ದೀಪ ಬಳಸಿ. ಹನ್ನೊಂದಕ್ಕೆ ಸದ್ದು ನಿಲ್ಲಲಿ.

ಭಾನುವಾರ ತಿಂಡಿಯ ನಂತರ ಒಂದೂವರೆ ಗಂಟೆಯಲ್ಲಿ ಮೂರು ತೀರ್ಮಾನ ಬರೆಯಿರಿ. ಪ್ರತಿ ತೀರ್ಮಾನದ ಪಕ್ಕ ಒಬ್ಬರ ಹೆಸರು, ಒಂದು ತಾರೀಖು. "ಎಲ್ಲರೂ ಸೇರಿ" ಎಂದು ಬರೆದರೆ ಯಾರೂ ಮಾಡುವುದಿಲ್ಲ, ಅಲ್ವಾ? ನಿಯಮ ಬದಲಿಸುವ, ದುಡ್ಡು ಖರ್ಚಾಗುವ ತೀರ್ಮಾನ ಇದ್ದರೆ ಅದು ರಿಟ್ರೀಟಿನಲ್ಲೇ ಜಾರಿಯಾಗುವುದಿಲ್ಲ. ಬೈಲಾ ಪ್ರಕಾರ ಕೋರಂ ಇರುವ ಚಾಪ್ಟರ್ ಮೀಟಿಂಗಿನಲ್ಲಿ ಮೋಷನ್ ತಂದು ವೋಟು ಹಾಕಬೇಕು. ಬರಲಾಗದವರಿಗೂ ಆಗ ಮಾತಾಡಲು ಅವಕಾಶ ಸಿಗುತ್ತದೆ. ಹನ್ನೊಂದಕ್ಕೆ ಎಲ್ಲರೂ ಸೇರಿ ಗುಡಿಸಿ ಒರೆಸಿ, ಖಾಲಿ ಕೋಣೆಗಳ ಫೋಟೋ ತೆಗೆದು, ಹನ್ನೆರಡಕ್ಕೆ ಹೊರಡಿ.

ಹೆಜ್ಜೆ 9: ತುರ್ತು ಹಾಳೆ

ಪಾರ್ಕುಗಳಲ್ಲಿ ಫೋನ್ ಸಿಗ್ನಲ್ ಸಿಗದೇ ಇರಬಹುದು. ಕ್ಯಾಂಪಿನ ಪೂರ್ತಿ ವಿಳಾಸ, ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗ, ದಾರಿಯ ನಕ್ಷೆ, ರೇಂಜರ್ ನಂಬರ್, ಅಡ್ವೈಸರ್ ನಂಬರ್ ಎಲ್ಲ ಒಂದು ಹಾಳೆಯಲ್ಲಿ ಪ್ರಿಂಟ್ ಆಗಿ ಪ್ರತಿ ಕಾರಿನಲ್ಲೂ ಅಡುಗೆಮನೆಯಲ್ಲೂ ಇರಲಿ. ಪ್ರತಿಯೊಬ್ಬರೂ ಇನ್ಶೂರೆನ್ಸ್ ಕಾರ್ಡು ತರಲಿ. ಆಂಬುಲೆನ್ಸ್ ಬೇಕಾದರೆ 911ಕ್ಕೆ ಮೊದಲು, ಆಮೇಲೆ ಉಳಿದವರಿಗೆ.

ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲಿ ಕೂತು ಇದನ್ನು ಓದುತ್ತಿರುವ ಅಪ್ಪ-ಅಮ್ಮಂದಿರಿಗೂ ಒಂದು ಮಾತು. ಮಗಳು "ವೀಕೆಂಡ್ ರಿಟ್ರೀಟಿಗೆ ಹೋಗ್ತಿದ್ದೀನಿ" ಎಂದರೆ ಗಾಬರಿ ಬೇಡ. ಜಾಗದ ವಿಳಾಸ, ಹೇಗೆ ಹೋಗುತ್ತಾರೆ, ಅಡ್ವೈಸರ್ ಹೆಸರು, ವಾಪಸ್ ಬರುವ ಹೊತ್ತು ಇಷ್ಟು ಕೇಳಿ. ಸರಿಯಾಗಿ ನಡೆಸುವ ಚಾಪ್ಟರಿನವಳು ಇವಕ್ಕೆಲ್ಲ ತಡವರಿಸದೆ ಉತ್ತರ ಕೊಡುತ್ತಾಳೆ.

ಹೆಜ್ಜೆ 10: ವಾಪಸ್ ಬಂದ ಮೇಲೆ

ಎರಡು ದಿನದೊಳಗೆ ಒಂದು ಪುಟದ ಟಿಪ್ಪಣಿ ಎಲ್ಲರಿಗೂ ಹೋಗಲಿ, ಬರದವರಿಗೆ ಮೊದಲು. ಮೂರು ತೀರ್ಮಾನ, ಮೂರು ಹೆಸರು, ಮೂರು ತಾರೀಖು. ಮುಂದಿನ ಚಾಪ್ಟರ್ ಮೀಟಿಂಗಿನ ಅಜೆಂಡಾದಲ್ಲಿ ಅದಕ್ಕೆ ಹತ್ತು ನಿಮಿಷ ಇಡಿಸಿ. ಒಂದು ತಿಂಗಳಿಗೆ ಮತ್ತೆ ಹತ್ತು ನಿಮಿಷ. ಆಗಿಲ್ಲದಿದ್ದರೆ ಆಗಿಲ್ಲ ಎಂದು ಎದ್ದು ನಿಂತು ಹೇಳಿ, ಯಾಕೆ ಎಂದೂ ಹೇಳಿ. ಅಷ್ಟು ಮಾತಾಡಿದ ಮೇಲೆ ಏನೂ ಬದಲಾಗಲಿಲ್ಲ, ಯಾರೂ ಕೇಳಲೂ ಇಲ್ಲ ಎಂದಾದರೆ ಮುಂದಿನ ಸಲ ಕಾರ್ಡುಗಳು ಖಾಲಿ ಬರುತ್ತವೆ.

ಅಭಿಪ್ರಾಯ ಕೇಳುವ ಫಾರ್ಮನ್ನು ಬಸ್ಸಿನಲ್ಲೇ ಕಳಿಸಿ, ಎಲ್ಲರೂ ತುಂಬುತ್ತಾರೆ. ಆಮೇಲೆ ಒಂದು ಫೋಲ್ಡರ್ ಮಾಡಿ ಮುಂದಿನ ರಿಟ್ರೀಟ್ ನೋಡಿಕೊಳ್ಳುವವಳ ಹೆಸರಿಗೆ ಇಡಿ. ಕಾಂಟ್ರ್ಯಾಕ್ಟಿನ ಪ್ರತಿ, ಇನ್ಶೂರೆನ್ಸ್ ಅರ್ಜಿ ಹಾಕಿದ ದಿನ ಮತ್ತು ಬಂದ ದಿನ, ಕೊಟ್ಟ ಪ್ರತಿ ಡಾಲರಿನ ರಸೀದಿ, ಎಷ್ಟು ಅಕ್ಕಿ ಮಿಕ್ಕಿತು, ಯಾವ ಕೋಣೆಯ ಹೀಟರ್ ಕೆಲಸ ಮಾಡಲಿಲ್ಲ, ಯಾವ ಚರ್ಚೆಗೆ ಸಮಯ ಸಾಲಲಿಲ್ಲ. ಜಾಗ ಇಷ್ಟವಾಗಿದ್ದರೆ ಮುಂದಿನ ವರ್ಷದ ಬುಕಿಂಗ್ ಯಾವತ್ತು ತೆರೆಯುತ್ತದೆ ಎಂದು ಕ್ಯಾಂಪಿನವರನ್ನು ಕೇಳಿ, ಆ ತಾರೀಖನ್ನು ಫೋಲ್ಡರಿನ ಮೊದಲ ಪುಟದಲ್ಲೇ ಬರೆಯಿರಿ.